ಹಲ್ಲಿನ ಸೆಟ್ಟು ಸಡಿಲವಾಗುವುದೇಕೆ?

ಮಾಡಿಸಿದಾಗ ಗಟ್ಟಿಯಾಗಿ ಕೂರುತ್ತಿದ್ದ ಹಲ್ಲಿನ ಸೆಟ್ಟು ಕೆಲವು ವರ್ಷ ಕಳೆಯುವಷ್ಟರಲ್ಲಿ ಅಲುಗಾಡಲು ಶುರುವಾಗುತ್ತದೆ. ಮಾತಾಡುವಾಗ ಮೇಲೇಳುತ್ತದೆ. ಊಟದ ಚೂರು ಅಡಿಗೆ ಸಿಕ್ಕಿಕೊಂಡು ಚುಚ್ಚುತ್ತದೆ. ಸೆಟ್ಟು ಹಾಳಾಯಿತು ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಆದರೆ ಜಾಸ್ತಿ ಬದಲಾಗಿರುವುದು ಸೆಟ್ಟಲ್ಲ, ಅದರ ಕೆಳಗಿರುವ ದವಡೆ.

ಹಲ್ಲಿನ ಬೇರನ್ನು ಹಿಡಿದುಕೊಂಡಿರುವ ಮೂಳೆ ಇರುವುದೇ ಹಲ್ಲಿಗೋಸ್ಕರ. ಹಲ್ಲು ಹುಟ್ಟುವಾಗ ಅದೂ ಬೆಳೆಯುತ್ತದೆ. ಹಲ್ಲು ಹೋದ ಮೇಲೆ ಕರಗುತ್ತಾ ಹೋಗುತ್ತದೆ. ಮೊದಲ ವರ್ಷ ಜೋರಾಗಿ, ಆಮೇಲೆ ನಿಧಾನವಾಗಿ ಕರಗುತ್ತದೆ. ಪೂರ್ತಿ ನಿಲ್ಲುವುದಂತೂ ಇಲ್ಲ. ಪೂರ್ತಿ ಸೆಟ್ಟು ಹಾಕಿಕೊಂಡವರನ್ನು 25 ವರ್ಷಗಳ ಕಾಲ ಗಮನಿಸಿದ ದಂತ ಸಂಶೋಧಕಿ ಟಾಲ್‌ಗ್ರೆನ್ ಅವರ ಅಧ್ಯಯನ 1972ರಲ್ಲಿ ಪ್ರಕಟವಾಯಿತು. ಕೆಳದವಡೆಯ ಮೂಳೆ ಮೇಲ್ದವಡೆಯದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಸವೆಯುತ್ತದೆ ಎಂದು ಅದರಲ್ಲಿ ಕಂಡುಬಂತು.

ಕೆಳಗಿನ ಸೆಟ್ಟು ಕಾಟ ಕೊಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಮೇಲಿನ ಸೆಟ್ಟು ಇಡೀ ಅಂಗುಳವನ್ನು ಆವರಿಸುತ್ತದೆ. ಅದಕ್ಕೂ ಬಾಯಿಯ ಚರ್ಮಕ್ಕೂ ನಡುವೆ ಎಂಜಲಿನ ತೆಳು ಪದರ ಇರುತ್ತದೆ. ಒದ್ದೆಯಾದ ಎರಡು ಗಾಜಿನ ಹಾಳೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವಲ್ಲ, ಹಾಗೆ ಅದು ನಿಲ್ಲುತ್ತದೆ. ಕೆಳಗೆ ಆ ಅನುಕೂಲ ಇಲ್ಲ. ಲಾಳದ ಆಕಾರದ ಸಣ್ಣ ದಿಬ್ಬದ ಮೇಲೆ ಸೆಟ್ಟು ಕೂರಬೇಕು, ಒಳಗಡೆಯಿಂದ ನಾಲಿಗೆ ತಳ್ಳುತ್ತಲೇ ಇರುತ್ತದೆ. ರಕ್ತದೊತ್ತಡ, ಖಿನ್ನತೆ ಮೊದಲಾದವಕ್ಕೆ ಕೊಡುವ ಕೆಲವು ಮಾತ್ರೆಗಳಿಂದ ಬಾಯಿ ಒಣಗುತ್ತದೆ. ಎಂಜಲು ಕಡಿಮೆಯಾದರೆ ಚೆನ್ನಾಗಿ ಕೂರುತ್ತಿದ್ದ ಸೆಟ್ಟೂ ಜಾರುತ್ತದೆ, ವಸಡು ಉಜ್ಜಿ ಹುಣ್ಣಾಗುತ್ತದೆ. ದಂತವೈದ್ಯರ ಹತ್ತಿರ ಹೋಗುವಾಗ ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ಒಯ್ಯುವುದು ಒಳ್ಳೆಯದು.

ಸೆಟ್ಟು ಎಷ್ಟೇ ಚೆನ್ನಾಗಿ ಕೂತರೂ ಅಗಿಯುವುದು ಮೊದಲಿನ ಹಾಗಿರುವುದಿಲ್ಲ. ಸ್ವಂತ ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ಬೇರಿನ ಸುತ್ತ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವಿದೆ. ಅದರ ತುಂಬ ನರಗಳು. ಹಲ್ಲಿನ ನಡುವೆ ಒಂದು ಕೂದಲು ಸಿಕ್ಕರೂ ತಿಳಿಯುವುದು, ಕಲ್ಲು ಸಿಕ್ಕ ಕೂಡಲೇ ದವಡೆ ತಾನಾಗಿಯೇ ನಿಲ್ಲುವುದು ಹೆಚ್ಚಾಗಿ ಈ ನರಗಳಿಂದಲೇ. ಹಲ್ಲು ಕಿತ್ತಾಗ ಆ ಪದರವೂ ಹೋಗುತ್ತದೆ. ಆಮೇಲೆ ವಸಡೇ ಭಾರ ಹೊರಬೇಕು, ವಸಡೇ ಸುದ್ದಿ ಹೇಳಬೇಕು. ಎರಡೂ ಅದಕ್ಕೆ ಅಷ್ಟಾಗಿ ಬಾರದು. ಪೂರ್ತಿ ಸೆಟ್ಟು ಹಾಕಿಕೊಂಡವರ ಕಚ್ಚುವ ಬಲ ಸ್ವಂತ ಹಲ್ಲಿದ್ದವರ ಬಲದ ಕಾಲು ಭಾಗದಷ್ಟಿದ್ದರೆ ಹೆಚ್ಚು.

ಈ ಕೊರತೆಯನ್ನು ನಾಲಿಗೆ ಮತ್ತು ಕೆನ್ನೆ ತುಂಬಿಕೊಡುತ್ತವೆ. ತುತ್ತನ್ನು ಎರಡೂ ಕಡೆ ಹಂಚುವುದು, ಮೇಲೇಳುವ ಸೆಟ್ಟನ್ನು ಒತ್ತಿ ಹಿಡಿಯುವುದು, ಎಲ್ಲವನ್ನೂ ಅವು ಕಲಿಯಬೇಕು. ಇದಕ್ಕೆ ಕೆಲವು ವಾರ ಬೇಕು. ಮೆತ್ತಗಿನ ಆಹಾರ, ಸಣ್ಣ ತುತ್ತು, ಎರಡೂ ಕಡೆ ಒಟ್ಟಿಗೆ ಅಗಿಯುವುದು: ಶುರುವಿಗೆ ಇಷ್ಟು ಸಾಕು. ಮುಂದಿನ ಹಲ್ಲಿನಿಂದ ಕಚ್ಚಿದರೆ ಸೆಟ್ಟಿನ ಹಿಂಭಾಗ ಏಳುತ್ತದೆ.

ಆದರೆ "ಅಭ್ಯಾಸ ಆಗುತ್ತೆ ಬಿಡಿ" ಎನ್ನುವ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹೊಸ ಸೆಟ್ಟಿಗೆ ಅದು ಸರಿ. ವರ್ಷಗಟ್ಟಲೆ ಹಾಕಿ ಸಡಿಲವಾದ ಸೆಟ್ಟಿಗೆ ಅಲ್ಲ. ಎಷ್ಟೋ ಹಿರಿಯರು ನೋವು ನುಂಗಿಕೊಂಡು ಹಣ್ಣು, ಹಸಿ ತರಕಾರಿ, ಕಾಳು ಬಿಟ್ಟುಬಿಡುತ್ತಾರೆ. ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಇದಕ್ಕೆ ಸುಲಭದ ದಾರಿ ಇದೆ. ಸೆಟ್ಟಿನ ಒಳಮೈಗೆ ಹೊಸ ಪದರ ಹಾಕಿ ಈಗಿನ ದವಡೆಗೆ ಸರಿಹೊಂದಿಸುತ್ತಾರೆ, ರೀಲೈನ್ ಅನ್ನುತ್ತಾರೆ. ಅನುಕೂಲ ಇದ್ದವರಿಗೆ ಇಂಪ್ಲಾಂಟ್, ಅಂದರೆ ದವಡೆಯ ಮೂಳೆಯೊಳಗೆ ಕೂರಿಸುವ ತಿರುಪು, ಇದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಸೇರಿದ್ದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟ್ ಆಧಾರದ ಸೆಟ್ಟೇ ಮೊದಲ ಆಯ್ಕೆಯಾಗಬೇಕು ಎಂದರು. ಮನೆಯಲ್ಲಿ ಅರದಿಂದ ಉಜ್ಜಿ ಸರಿಮಾಡಲು ಮಾತ್ರ ಹೋಗಬೇಡಿ. ರಾತ್ರಿ ತೆಗೆದು ತಣ್ಣೀರಲ್ಲಿಡಿ, ಬಿಸಿನೀರಿಗೆ ಸೆಟ್ಟು ಸೊಟ್ಟಗಾಗುತ್ತದೆ. ಎರಡು ವಾರವಾದರೂ ಮಾಯದ ಹುಣ್ಣನ್ನು ವೈದ್ಯರಿಗೆ ತೋರಿಸಲೇಬೇಕು.

ಇನ್ನು ದವಡೆ ಕೀಲಿನ ವಿಷಯ. ಕಿವಿಯ ಮುಂದೆ ಬೆರಳಿಟ್ಟು ನಿಧಾನವಾಗಿ ಬಾಯಿ ತೆರೆಯಿರಿ. ಒಂದು ಗುಬುಟು ಮೊದಲು ತಿರುಗಿ, ಆಮೇಲೆ ಮುಂದಕ್ಕೆ ಜಾರುವುದು ಬೆರಳಿಗೆ ತಿಳಿಯುತ್ತದೆ. ತಿರುಗುವುದು, ಜಾರುವುದು ಎರಡನ್ನೂ ಮಾಡುವ ಈ ಕೀಲಿನ ನಡುವೆ ಮೆತ್ತೆಯಂತಹ ಒಂದು ಬಿಲ್ಲೆ ಇದೆ. ಅದು ಜಾಗ ತಪ್ಪಿದರೆ ಟಕ್ ಎಂಬ ಸದ್ದು ಬರುತ್ತದೆ. ನೋವಿಲ್ಲದೆ ಬರೀ ಸದ್ದಿದ್ದರೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ.

ಹಲ್ಲು ಹೋಗಿ ದವಡೆ ಅತಿಯಾಗಿ ಮುಚ್ಚುವುದರಿಂದಲೇ ಕೀಲಿನ ನೋವೆಲ್ಲ ಬರುತ್ತದೆ ಎಂದು 1934ರಲ್ಲಿ ಅಮೆರಿಕದ ಕಿವಿ-ಗಂಟಲು ವೈದ್ಯ ಜೇಮ್ಸ್ ಕೋಸ್ಟನ್ ಬರೆದರು. ಆ ವಿವರಣೆ ಮುಂದೆ ನಿಲ್ಲಲಿಲ್ಲ. ಸವೆದ ಸೆಟ್ಟಿನ ಎತ್ತರ ಕಡಿಮೆಯಾದರೆ ಕೆನ್ನೆ ಒಳಸೇರುತ್ತದೆ, ಬಾಯಿಯ ಮೂಲೆ ಒಡೆಯುತ್ತದೆ, ಅದನ್ನು ಸರಿಪಡಿಸಬೇಕು ನಿಜ. ಆದರೆ ಪೂರ್ತಿ ಹಲ್ಲಿರುವ ಯುವಜನರಲ್ಲೂ ಕೀಲುನೋವು ಸಾಕಷ್ಟಿದೆ. ಸ್ನಾಯುಗಳ ಬಿಗಿತ, ಹಲ್ಲು ಕಚ್ಚುವ ಅಭ್ಯಾಸ, ಒತ್ತಡ, ನಿದ್ದೆಗೇಡು ಎಲ್ಲವೂ ಇದರಲ್ಲಿ ಸೇರಿಕೊಂಡಿರುತ್ತವೆ. ಬಿಸಿ ಶಾಖ, ಕೆಲವು ದಿನ ಮೆತ್ತಗಿನ ಊಟ, ಹಗುರ ವ್ಯಾಯಾಮದಿಂದಲೇ ಬಹಳಷ್ಟು ಜನರಿಗೆ ವಾಸಿಯಾಗುತ್ತದೆ. ಸುಮ್ಮನಿರುವಾಗ ಮೇಲಿನ-ಕೆಳಗಿನ ಹಲ್ಲುಗಳ ನಡುವೆ 2ರಿಂದ 4 ಮಿಲಿಮೀಟರ್ ಸಂದು ಇರಬೇಕು, ಅದನ್ನೂ ಆಗಾಗ ಗಮನಿಸಿ. ಕೀಲುನೋವಿಗೆಂದು ಸ್ವಂತ ಹಲ್ಲನ್ನು ಶಾಶ್ವತವಾಗಿ ಸವೆಸಿಕೊಳ್ಳುವ ಮೊದಲು ಇನ್ನೊಬ್ಬ ವೈದ್ಯರನ್ನೂ ಕೇಳಿ.

ಒಂದು ನೋವನ್ನು ಮಾತ್ರ ಸೆಟ್ಟಿನ ಮೇಲೆ ಹಾಕಿ ಕಾಯುತ್ತಾ ಕೂರಬಾರದು. 50 ದಾಟಿದವರಿಗೆ ಅಗಿಯುತ್ತಾ ಹೋದಂತೆ ದವಡೆ ನೋಯುತ್ತದೆ, ನಿಲ್ಲಿಸಿದರೆ ಇಳಿಯುತ್ತದೆ. ಜೊತೆಗೆ ಕಣತಲೆಯಲ್ಲಿ ಹೊಸದಾಗಿ ನೋವು, ತಲೆ ಬಾಚಿದರೂ ಉರಿ. ಇದು ರಕ್ತನಾಳದ ಉರಿಯೂತ ಇರಬಹುದು. ತಡವಾದರೆ ಕಣ್ಣು ಹೋಗುವ ಅಪಾಯವಿದೆ. ಅವತ್ತೇ ಆಸ್ಪತ್ರೆಗೆ ಹೋಗಬೇಕು, ದೃಷ್ಟಿ ಮಂಜಾಗಿದ್ದರೆ ತಕ್ಷಣ.