ಒಂದು ವೋಟಿಗೆ 131: ರಾಷ್ಟ್ರಪತಿ ಚುನಾವಣೆಯ ಲೆಕ್ಕ ಎಲ್ಲಿಂದ ಬಂತು?

2022ರಲ್ಲಿ ದ್ರೌಪದಿ ಮುರ್ಮು ಅವರಿಗೆ 6,76,803 ಮತ ಬಂತು ಅಂತ ಟೀವಿಯಲ್ಲಿ ತೋರಿಸಿದರು. ಮತ ಹಾಕುವವರು ಚುನಾಯಿತ ಶಾಸಕರು, ಸಂಸದರು ಮಾತ್ರ, ಐದು ಸಾವಿರವೂ ಇಲ್ಲ. ಹಾಗಾದರೆ ಇಷ್ಟು ಮತ ಎಲ್ಲಿಂದ ಬಂತು?

ಇಲ್ಲಿ ಒಬ್ಬೊಬ್ಬರ ವೋಟಿಗೂ ಒಂದು ತೂಕ ಇದೆ. ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಮತ್ತೆ ಸಾವಿರದಿಂದ ಭಾಗಿಸಬೇಕು. ಕರ್ನಾಟಕದ ಜನಸಂಖ್ಯೆ 2,92,99,014, ಶಾಸಕರು 224. ಹಾಗಾಗಿ ನಮ್ಮ ಒಬ್ಬ ಶಾಸಕರ ಮತ ಅಂದರೆ 131. ಉತ್ತರ ಪ್ರದೇಶದ್ದು 208, ಸಿಕ್ಕಿಮಿನದು ಬರೀ 7. ಎಲ್ಲ ಶಾಸಕರ ಮತಮೌಲ್ಯವನ್ನು ಕೂಡಿಸಿ, ಚುನಾಯಿತ ಸಂಸದರ ಸಂಖ್ಯೆಯಿಂದ ಭಾಗಿಸಿದರೆ ಸಂಸದರ ಮತದ ಮೌಲ್ಯ ಸಿಗುತ್ತದೆ. ಕಳೆದ ಸಲ ಅದು 700 ಇತ್ತು. ವಿಧಾನ ಪರಿಷತ್ತಿನವರಿಗೂ ನಾಮಕರಣಗೊಂಡವರಿಗೂ ವೋಟಿಲ್ಲ.

ತಡೀರಿ, ಕರ್ನಾಟಕದಲ್ಲಿ ಇರೋದು ಮೂರು ಕೋಟಿ ಜನವೇ? ಅದು 1971ರ ಜನಗಣತಿ. ಅಲ್ಲಿಗೆ ಆಮೇಲೆ ಬರೋಣ.

ಜನರೇ ನೇರವಾಗಿ ರಾಷ್ಟ್ರಪತಿಯನ್ನು ಆರಿಸಲಿ ಅಂತ ಸಂವಿಧಾನ ಸಭೆಯಲ್ಲಿ ಕೆ.ಟಿ. ಶಾ ವಾದಿಸಿದ್ದರು. ನಿಜವಾದ ಅಧಿಕಾರ ಮಂತ್ರಿಮಂಡಲದ ಕೈಯಲ್ಲಿರುವಾಗ ಇಡೀ ದೇಶ ಸಾಲಲ್ಲಿ ನಿಂತು ವೋಟು ಹಾಕುವುದು ಯಾಕೆ ಅನ್ನುವ ವಾದವೇ ಗೆದ್ದಿತು. 1952ರಲ್ಲಿ ಶಾ ಅವರೇ ರಾಜೇಂದ್ರ ಪ್ರಸಾದರ ಎದುರು ನಿಂತು ಸೋತರು. ಮುಂದಿನ ಎರಡು ಚುನಾವಣೆಗಳೂ ಹೆಚ್ಚುಕಡಿಮೆ ಒಮ್ಮುಖವಾಗಿಯೇ ಮುಗಿದವು.

ಈ ಪದ್ಧತಿಗೆ ನಿಜವಾದ ಪರೀಕ್ಷೆ ಬಂದದ್ದು 1969ರಲ್ಲಿ. ಮೇ ತಿಂಗಳಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನ್ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಜುಲೈನಲ್ಲಿ ಕಾಂಗ್ರೆಸ್ ನಾಯಕರು ನಮ್ಮ ಬೆಂಗಳೂರಿನಲ್ಲೇ ಸೇರಿ ನೀಲಂ ಸಂಜೀವ ರೆಡ್ಡಿ ಅವರನ್ನು ಅಭ್ಯರ್ಥಿ ಮಾಡಿದರು. ಉಪರಾಷ್ಟ್ರಪತಿ ವಿ.ವಿ. ಗಿರಿ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ನಿಂತರು. ಪ್ರಧಾನಿ ಇಂದಿರಾ ಗಾಂಧಿ ಆತ್ಮಸಾಕ್ಷಿಯಂತೆ ಮತ ಹಾಕಿ ಅಂದುಬಿಟ್ಟರು. ಮೂರನೆಯವರು ಮಾಜಿ ಹಣಕಾಸು ಮಂತ್ರಿ ಸಿ.ಡಿ. ದೇಶಮುಖ್. ಒಟ್ಟು ಹದಿನೈದು ಮಂದಿ ಕಣದಲ್ಲಿದ್ದರು.

ಮತಪತ್ರದಲ್ಲಿ ಚಿಹ್ನೆ ಇರುವುದಿಲ್ಲ, ಹೆಸರಿನ ಮುಂದೆ 1, 2, 3 ಅಂತ ಬರೆಯಬೇಕು. ಕನ್ನಡದ ೧ ಬರೆದರೂ ನಡೆಯುತ್ತದೆ, ಆದರೆ 'ಒಂದು' ಅಂತ ಅಕ್ಷರದಲ್ಲಿ ಬರೆದರೆ ನಡೆಯುವುದಿಲ್ಲ. ಗೆಲ್ಲಲು ಅರ್ಧಕ್ಕಿಂತ ಜಾಸ್ತಿ ಬೇಕು. ಆ ವರ್ಷ ಅದು 4,18,169. ಎಣಿಸಿದಾಗ ಗಿರಿಗೆ 4,01,515, ರೆಡ್ಡಿಗೆ 3,13,548, ದೇಶಮುಖರಿಗೆ 1,12,769. ಯಾರೂ ಗೆರೆ ಮುಟ್ಟಲಿಲ್ಲ. ಆಗ ಕೆಳಗಿನವರನ್ನು ಒಬ್ಬೊಬ್ಬರಾಗಿ ತೆಗೆದು, ಅವರ ಮತಪತ್ರಗಳಲ್ಲಿ ಮುಂದಿನ ಆಯ್ಕೆ ಯಾರು ಅಂತ ನೋಡಿದರು. ಹೀಗೆ ರೆಡ್ಡಿಗೆ ಬಂದದ್ದು ಸುಮಾರು 92 ಸಾವಿರ, ಗಿರಿಗೆ ಹದಿನೆಂಟೂವರೆ ಸಾವಿರ. ಆದರೂ ಗಿರಿ 4,20,077ಕ್ಕೆ ಮುಟ್ಟಿ ಗೆದ್ದರು. ಗೆರೆಗಿಂತ 1,908 ಮೇಲೆ, ಅಷ್ಟೇ. ಎರಡನೇ ಆಯ್ಕೆಯ ಮತ ಬೇಕಾಗಿ ಬಂದದ್ದು ಅದೊಂದೇ ಸಲ. ಎರಡನೇ ಆಯ್ಕೆ ಸುಮ್ನೆ ಇದೆ ಅನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. (ರೆಡ್ಡಿಯವರು 1977ರಲ್ಲಿ ಅವಿರೋಧವಾಗಿಯೇ ರಾಷ್ಟ್ರಪತಿಯಾದರು.)

ಹೆಸರಿಗಾಗಿ ನಿಲ್ಲುವವರು ಜಾಸ್ತಿಯಾದರು ಅಂತ 1974ರಲ್ಲಿ ಹತ್ತು ಸೂಚಕರು, ಹತ್ತು ಅನುಮೋದಕರು ಬೇಕೆಂದಾಯಿತು. 1997ರಲ್ಲಿ ಅದು ಐವತ್ತೈವತ್ತು ಆಯಿತು, ಠೇವಣಿ 15,000 ರೂಪಾಯಿಗೆ ಏರಿತು. ಶಾ ಅವರಂಥವರು ಇವತ್ತು ನಾಮಪತ್ರ ಹಾಕುವುದೂ ಕಷ್ಟವೇ.

ಈಗ 1971ಕ್ಕೆ ಬರೋಣ. ಕುಟುಂಬ ಯೋಜನೆಯನ್ನು ಮನಸ್ಸಿಟ್ಟು ಜಾರಿ ಮಾಡಿದ ರಾಜ್ಯಗಳಿಗೆ ಜನ ಕಡಿಮೆಯಾದರು ಅನ್ನುವ ಕಾರಣಕ್ಕೇ ಬಲವೂ ಕಡಿಮೆಯಾಗಬಾರದು, ಅಲ್ವಾ? ಅದಕ್ಕೇ ಸಂವಿಧಾನದ 1976ರ 42ನೇ ತಿದ್ದುಪಡಿ 1971ರ ಅಂಕಿಯನ್ನೇ 2000ದವರೆಗೆ ಕಟ್ಟಿಹಾಕಿತು. 84ನೇ ತಿದ್ದುಪಡಿ ಆ ಗಡುವನ್ನು 2026ಕ್ಕೆ ತಳ್ಳಿತು. ಉದ್ದೇಶ ನ್ಯಾಯವಾದದ್ದೇ. ಆದರೆ ಅರ್ಧ ಶತಮಾನ ಮುಂದೂಡಿದ ಲೆಕ್ಕವನ್ನು ಒಂದೇ ಸಲ ತೆರೆದರೆ ಯಾರಿಗೆ ಎಷ್ಟು ನೋವಾಗುತ್ತದೆ ಅಂತ ಗಡುವು ಹಾಕಿದಾಗ ಯಾರೂ ಗಟ್ಟಿಯಾಗಿ ಕೇಳಿದ ಹಾಗಿಲ್ಲ.

ನಿಯಮದ ಪ್ರಕಾರ, 2026ರ ನಂತರ ನಡೆಯುವ ಮೊದಲ ಜನಗಣತಿಯ ಅಂಕಿಗಳು ಪ್ರಕಟವಾಗುವ ತನಕ ಹಳೆಯದೇ ಲೆಕ್ಕ. ಮುಂದಿನ ರಾಷ್ಟ್ರಪತಿ ಚುನಾವಣೆ 2027ರ ಜುಲೈ ಹೊತ್ತಿಗೆ ಬರಬೇಕು. ಅಷ್ಟರಲ್ಲಿ ಹೊಸ ಅಂಕಿ ಬರದಿದ್ದರೆ ನಮ್ಮ ಶಾಸಕರ ಮತ ಆಗಲೂ 131.