ಹೈಫೈ ಅಂದರೆ ನಿಯತ್ತು

ಮೊನ್ನೆ ಒಂದು ಮದುವೆಯಲ್ಲಿ ಆಳೆತ್ತರದ ಎರಡು ಡಿಜೆ ಬಾಕ್ಸ್ ನಿಲ್ಲಿಸಿದ್ದರು. ಎಲೆ ಪಕ್ಕದ ಲೋಟದ ನೀರು ನಡುಗುವಷ್ಟು ಬೇಸ್. ಪಕ್ಕದಲ್ಲಿ ಊಟಕ್ಕೆ ಕೂತಿದ್ದವರು "ಸೌಂಡ್ ಸಖತ್ ಹೈಫೈ ಅಲ್ವಾ?" ಅಂದರು. ದುಬಾರಿ ಹೋಟೆಲನ್ನು, ಶ್ರೀಮಂತರ ಮನೆಯನ್ನು ಹೈಫೈ ಅನ್ನುವುದಕ್ಕೆ ನನ್ನ ತಕರಾರಿಲ್ಲ. ಆ ಅರ್ಥ ಕನ್ನಡದಲ್ಲಿ ಬೇರು ಬಿಟ್ಟಾಗಿದೆ. ಆದರೆ ಈ ಪದ ಹುಟ್ಟಿದ್ದೇ ಸೌಂಡಿನ ಲೋಕದಲ್ಲಿ. ಅಲ್ಲೇ ಅದನ್ನು ತಿರುಗುಮುರುಗು ಮಾಡಿದರೆ ಹೇಗೆ?

ಹೈ ಫಿಡೆಲಿಟಿ ಮೊಟಕಾಗಿ ಹೈಫೈ ಆಯಿತು. ಫಿಡೆಲಿಟಿಯ ಬೇರು ಲ್ಯಾಟಿನ್ನಿನ ಫೀದೆಸ್, ಅಂದರೆ ನಂಬಿಕೆ. ಕೋರ್ಟಿಗೆ ಬರೆದುಕೊಡುವ ಅಫಿಡವಿಟ್ಟು, ದಿನಾ ಬಾಯಲ್ಲಿ ಬರುವ ಕಾನ್ಫಿಡೆನ್ಸು ಎರಡೂ ಇದೇ ಮನೆತನದವು. ಅಬ್ರಹಾಂ ಲಿಂಕನ್ ಸಾಕಿದ್ದ ನಾಯಿಯ ಹೆಸರು ಫೈಡೋ. ಅದೂ ಇದೇ ಬೇರಿನದು. ಈ ನಂಟು ನನಗೆ ಬಹಳ ಇಷ್ಟ. ಯಾಕೆಂದರೆ ನಾಯಿ ಅಂದ ಕೂಡಲೇ ನಮ್ಮ ಬಾಯಿಗೆ ಬರುವ ಪದ ನಿಯತ್ತು. ಫಿಡೆಲಿಟಿಗೆ ನಿಷ್ಠೆ ಅಂತ ಬರೆಯುವುದು ರೂಢಿ. ನಿಯತ್ತು ಅಂದರೆ ಇನ್ನೂ ಚೆನ್ನಾಗಿ ಕೂರುತ್ತದೆ. ಅದೂ ದೂರದಿಂದ ಬಂದ ಪದವೇ. ಅರಬ್ಬಿಯ ನಿಯ್ಯತ್ ಅಂದರೆ ಮನಸ್ಸಿನಲ್ಲಿರುವ ಉದ್ದೇಶ. ಕನ್ನಡಕ್ಕೆ ಬರುವ ಹೊತ್ತಿಗೆ ಅದು ಅನ್ನ ಹಾಕಿದವರಿಗೆ ಎರಡು ಬಗೆಯದಿರುವುದು ಅಂತಾಯಿತು. ಅಂದಹಾಗೆ, ವೈಫೈ ಎಂಬುದು 1999ರಲ್ಲಿ ಹೈಫೈಗೆ ಪ್ರಾಸ ಕೂಡಲಿ ಅಂತ ಕಟ್ಟಿದ ಹೆಸರು. ಅದರಲ್ಲಿ ನಿಯತ್ತು ಹುಡುಕಬೇಡಿ.

ಸರಿ, ಯಾರಿಗೆ ನಿಯತ್ತು? ಗೊಂದಲವೆಲ್ಲ ಇಲ್ಲೇ. ಹೈಫೈ ಉಪಕರಣದ ನಿಯತ್ತು ರೆಕಾರ್ಡಿಂಗಿಗೆ, ಕೇಳುವ ನಮಗಲ್ಲ. ಅಲ್ಲಿ ಇದ್ದದ್ದನ್ನು ಇದ್ದಂತೆ ಕೊಡಬೇಕು. ಜೆರಾಕ್ಸ್ ಮೆಷಿನ್ ನೆನಪಿಸಿಕೊಳ್ಳಿ. ನಿಮ್ಮ ಅರ್ಜಿಯ ಕಾಗುಣಿತ ತಿದ್ದಿ ಕೊಡುವ ಜೆರಾಕ್ಸ್ ಒಳ್ಳೆಯ ಜೆರಾಕ್ಸ್ ಅಲ್ಲ, ತಿದ್ದಿದ್ದು ಸರಿಯಾಗಿದ್ದರೂ ಅಲ್ಲ. ಹಾಗೇ ರೆಕಾರ್ಡಿಂಗ್ ಕೆಟ್ಟದಾಗಿದ್ದರೆ ಹೈಫೈ ಸ್ಪೀಕರಿನಲ್ಲಿ ಅದು ಕೆಟ್ಟದಾಗಿಯೇ ಕೇಳಬೇಕು. "ಕಿವಿಗೆ ಹಿತವಾಗಿದೆ, ಆದ್ದರಿಂದ ಹೈಫೈ" ಅನ್ನುವವರು ಇದನ್ನೇ ಮರೆಯುತ್ತಾರೆ. ಹಿತ ಅನ್ನುವುದು ನಿಮ್ಮ ಬಗ್ಗೆ ಆಡಿದ ಮಾತು. ಹೈಫೈ ಅನ್ನುವುದು ಪೆಟ್ಟಿಗೆಯ ಬಗ್ಗೆ.

ಮೃದಂಗದ ಎಡಮುಖಕ್ಕೆ ರವೆ ಕಲಸಿ ಹಚ್ಚುತ್ತಾರಲ್ಲ, ಅದರಿಂದ ಬರುವ ಗುಂಕಿಗೆ, ಅಂದರೆ ಆ ತಗ್ಗಿನ ಗುಂಯ್ ನಾದಕ್ಕೆ, ಒಂದು ಶುರು, ಒಂದು ಕೊನೆ ಇರುತ್ತದೆ. ಬೇಸ್ ಉಬ್ಬಿಸಿದ ಸ್ಪೀಕರಿನಲ್ಲಿ ಕೊನೆಯೇ ಕೇಳದು. ಒಂದು ಗುಂಕಿ ಮುಂದಿನದರ ಮೇಲೆ ಬಿದ್ದು ಬರೀ ಬುಡುಬುಡು. ತಂಬೂರಿಯಲ್ಲಿ ಕುದುರೆಯ (ತಂತಿಗಳನ್ನು ಹೊತ್ತ ಪುಟ್ಟ ಸೇತುವೆಯ) ಮೇಲೆ ತಂತಿಯಡಿ ನೂಲಿನ ಎಳೆ ಇಟ್ಟು, ಚೂರೇಚೂರು ಸರಿಸುತ್ತಾ ಝೇಂಕಾರ ಕೂಡಿಸುತ್ತಾರೆ. ಮೇಲಿನ ಸ್ವನಗಳನ್ನು ನುಂಗುವ ಹೆಡ್‌ಫೋನ್ ಹಾಕಿಕೊಂಡರೆ ಅಷ್ಟು ಕಷ್ಟಪಟ್ಟು ಬರಿಸಿದ ಝೇಂಕಾರವೇ ಮಾಯ. ಇದು ರುಚಿಯ ಮಾತಲ್ಲ. ಇದ್ದದ್ದು ಕೇಳಿಸಲಿಲ್ಲ, ಅಷ್ಟೇ.

ಹಾಗಂತ ಇಷ್ಟಪಡುವುದು ತಪ್ಪಾ? ಖಂಡಿತ ಅಲ್ಲ. ಗಾಜಿನ ಬಲ್ಬಿನಂಥ ವಾಲ್ವ್ ಇರುವ ಹಲವು ಆಂಪ್ಲಿಫೈಯರುಗಳು ಎರಡನೇ ಹಾರ್ಮೋನಿಕ್ಕನ್ನು ತಾವಾಗಿ ಸೇರಿಸುತ್ತವೆ. ಅಂದರೆ ಷಡ್ಜ ಕೊಟ್ಟರೆ ಅದರ ಹಿಂದೆಯೇ ಮೇಲಿನ ಷಡ್ಜ ಒಂಚೂರು ಸೇರುತ್ತದೆ. ಕಿವಿಗೆ ಹಿತವಾಗದೆ ಇನ್ನೇನು! ಆದರೆ ಅದು ರೆಕಾರ್ಡಿಂಗಿನಲ್ಲಿ ಇರಲಿಲ್ಲ. ಸಣ್ಣ ವಾಲ್ಯೂಮಿನಲ್ಲಿ ನಮ್ಮ ಕಿವಿಗೆ ಬೇಸ್ ಕಮ್ಮಿ ಕೇಳುತ್ತದೆ ಅಂತ ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದರು. ಹಳೇ ಆಂಪ್ಲಿಫೈಯರುಗಳಲ್ಲಿ ಲೌಡ್‌ನೆಸ್ ಬಟನ್ ಇದ್ದದ್ದು ಅದಕ್ಕೇ. ರಾತ್ರಿ ಮಗು ಮಲಗಿರುವಾಗ ಬೇಸ್ ಒಂದು ಸುತ್ತು ಜಾಸ್ತಿ ಮಾಡಿಕೊಂಡು ಕೇಳುವವರನ್ನು, ಗ್ರಾಫ್ ಹಿಡಿದುಕೊಂಡು ಗದರುವುದು ಅಷ್ಟೇ ದೊಡ್ಡ ತಪ್ಪು.

ಮತ್ತೆ ರುಚಿಯೂ ನಿಯತ್ತೂ ಜನ ಅಂದುಕೊಂಡಷ್ಟು ದೂರ ಇಲ್ಲ. ಕೆನಡಾದಲ್ಲಿ ಫ್ಲಾಯ್ಡ್ ಟೂಲ್ ಎಂಬ ಧ್ವನಿ ಸಂಶೋಧಕರು 1980ರ ದಶಕದಲ್ಲಿ ಸ್ಪೀಕರುಗಳನ್ನು ಪರದೆಯ ಹಿಂದಿಟ್ಟು ಜನರಿಗೆ ಕೇಳಿಸಿದರು. ಬ್ರ್ಯಾಂಡ್ ಕಾಣದಾಗ ಹೆಚ್ಚಿನವರು ಮೆಚ್ಚಿದ್ದು ಬೇಸ್‌ನಿಂದ ಮೇಲಿನ ಸ್ವನದವರೆಗೆ ಯಾವುದನ್ನೂ ಹೆಚ್ಚು ಉಬ್ಬಿಸದೆ, ತಗ್ಗಿಸದೆ ಸಮವಾಗಿ ನುಡಿಯುವ ಸ್ಪೀಕರುಗಳನ್ನೇ. ಮುಂದೆ ಅವರು ಇನ್ನೊಬ್ಬ ಸಂಶೋಧಕ ಶಾನ್ ಆಲಿವ್ ಜತೆ ಪರದೆ ಇಟ್ಟೂ ತೆಗೆದೂ ಹೋಲಿಸಿ ನೋಡಿದರು. ಸ್ಪೀಕರ್ ಕಣ್ಣಿಗೆ ಬಿದ್ದ ಕೂಡಲೇ ಅಂಕ ಬದಲಾಯಿತು! ನಾವು "ನನ್ನ ಟೇಸ್ಟು" ಅನ್ನುವುದರಲ್ಲಿ ಕಣ್ಣಿನ ಪಾಲೂ ಇದೆ.

ನಮ್ಮ ಮನೆಯಲ್ಲಿ ಅಜ್ಜನ ಕಾಲದ ವಾಲ್ವ್ ರೇಡಿಯೋ ಇದೆ. ಮೀಡಿಯಂ ವೇವ್‌ನಲ್ಲಿ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲಿನ ಸ್ವನಗಳು ಹೆಚ್ಚೇನೂ ಕೇಳುವುದಿಲ್ಲ. ತಂಬೂರಿಯ ಝೇಂಕಾರ ಅರ್ಧಕ್ಕರ್ಧ ಹೋಗಿರುತ್ತದೆ. ಬೆಳಿಗ್ಗೆ ಕಾಫಿ ಹೊತ್ತಿಗೆ ನನಗೆ ಅದೇ ಬೇಕು. ಬಂದವರು ಯಾರಾದರೂ "ಏನ್ ಹೈಫೈ ರೀ ಇದು!" ಅಂದರೆ, ಅಲ್ಲ, ಇದು ನನಗಿಷ್ಟ ಅಂತಷ್ಟೇ ಹೇಳುತ್ತೇನೆ.