ಮಚ್ಚಿನ ಬಾಯಿ ಎಷ್ಟು ತೆಳುವಾಗಿರಬೇಕು?

ಎಳನೀರು ಕೊಚ್ಚುವ ಮಚ್ಚಿನಲ್ಲಿ ಟೊಮೆಟೊ ಹೆಚ್ಚಿದರೆ ಹಣ್ಣು ಜಜ್ಜಿ ರಸವೆಲ್ಲ ಮಣೆಯ ಮೇಲೆ. ಟೊಮೆಟೊವನ್ನು ಸಲೀಸಾಗಿ ಸೀಳುವ ಅಡುಗೆಮನೆಯ ತೆಳು ಚಾಕುವಿನಲ್ಲಿ ಎಳನೀರಿನ ತಲೆಗೆ ನಾಲ್ಕು ಏಟು ಹಾಕಿದರೆ ಚಾಕುವಿನ ಬಾಯಲ್ಲಿ ಅರ್ಧಚಂದ್ರಾಕಾರದ ಚಕ್ಕೆ ಎದ್ದಿರುತ್ತದೆ. ಎರಡನ್ನೂ ಅಂದೇ ಬೆಳಿಗ್ಗೆ ಸಾಣೆ ಹಿಡಿಸಿದ್ದರೂ ಇದೇ ಕತೆ. ಹರಿತದ ಗೆರೆಯ ಹಿಂದೆ, ಒಂದು ಮಿಲಿಮೀಟರಿನೊಳಗೆ ಎಷ್ಟು ಉಕ್ಕಿದೆ ಎನ್ನುವುದೇ ಇಲ್ಲಿನ ವ್ಯತ್ಯಾಸ.

ಒರಟು ಕೆಲಸಕ್ಕೆ ಕತ್ತಿ ಕೊಳ್ಳುವವರು ಮೊದಲು ಕೇಳುವುದು ‘ಯಾವ ಸ್ಟೀಲು?’ ಎಂದು. ಆ ಪ್ರಶ್ನೆ ಮೂರನೆಯದಾಗಬೇಕು. ಮೊದಲು ಬಾಯಿಯ ಆಕಾರ, ಆಮೇಲೆ ಹದ (ಕಾಯಿಸಿ ತಣಿಸಿ ಉಕ್ಕಿಗೆ ಕೊಡುವ ಗಡಸು), ಕೊನೆಗೆ ಉಕ್ಕಿನ ಜಾತಿ. ಆಕಾರ ತಪ್ಪಿದ್ದರೆ ಎಂಥ ದುಬಾರಿ ಉಕ್ಕೂ ಕೈಹಿಡಿಯುವುದಿಲ್ಲ.

ಕತ್ತರಿಸುವಾಗ ಅಲಗು ಎರಡು ಕೆಲಸ ಮಾಡುತ್ತದೆ. ತುದಿಯ ಗೆರೆ ನಾರನ್ನು ಕಡಿಯುತ್ತದೆ. ಅದರ ಹಿಂದಿನ ಮೈ, ಕಡಿದ ಎರಡು ಹೋಳುಗಳನ್ನು ಅತ್ತಿತ್ತ ತಳ್ಳಿ ದಾರಿ ಮಾಡಿಕೊಳ್ಳುತ್ತದೆ. ಚೆನ್ನಾಗಿ ಮಸೆದ ಗೆರೆಯ ಅಗಲ ಒಂದು ಮೈಕ್ರಾನಿನ ಆಸುಪಾಸು, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಮಚ್ಚಿಗೂ ಅಷ್ಟು ಹರಿತ ಕೊಡಬಹುದು. ಆದರೂ ಕ್ಯಾರೆಟ್ಟಿಗೆ ಇಟ್ಟರೆ ಅದು ಅರ್ಧದಲ್ಲಿ ಸಿಕ್ಕಿ, ತುಂಡು ಟಕ್ಕೆಂದು ಸಿಡಿಯುತ್ತದೆ. ಅದು ಹಿಂದಿನ ಮೈಯ ದಪ್ಪದ ಫಲ. ತೆಳು ಚಾಕು ಹರಿತ ಕಳೆದುಕೊಂಡ ಮೇಲೂ ನಾಲ್ಕು ದಿನ ಕೆಲಸ ತೂಗಿಸುವುದಕ್ಕೂ ಇದೇ ಕಾರಣ.

ಈ ದಪ್ಪವನ್ನು ಅಳೆಯಲು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಡಿಜಿಟಲ್ ಕ್ಯಾಲಿಪರ್ ಸಾಕು. ಸಾಣೆ ಹಿಡಿದ ಇಳಿಜಾರು ಮುಗಿದು ಅಲಗಿನ ಮೈ ಶುರುವಾಗುವ ಜಾಗದಲ್ಲಿ ಅಳೆಯಬೇಕು. ಒಳ್ಳೆಯ ತರಕಾರಿ ಚಾಕುವಿನಲ್ಲಿ ಅಲ್ಲಿ 0.2ರಿಂದ 0.3 ಮಿ.ಮೀ. ಇರುತ್ತದೆ. ತೋಟದ ಕೆಲಸ, ಕೊಂಬೆ ಸವರುವುದು, ಕಬ್ಬು ಕಡಿಯುವುದು ಎಂದು ಎಲ್ಲಕ್ಕೂ ಬಳಸುವ ಕತ್ತಿಗೆ 0.5ರಿಂದ 0.8 ಬೇಕು. ಮೂಳೆ ಕಡಿಯುವ ಮಚ್ಚಿಗೆ 1 ಮಿ.ಮೀ.ಗಿಂತ ಹೆಚ್ಚು. ನೋಡಲು ಇವು ಪುಟ್ಟ ಅಂಕಿಗಳು. ಆದರೆ ಉಕ್ಕಿನ ಪಟ್ಟಿಯೊಂದು ಬಾಗದೆ ನಿಲ್ಲುವ ಬಿಗುವು ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಶಾಶ್ವತವಾಗಿ ಬಾಗಿಹೋಗುವ ಮುನ್ನ ಅದು ತಾಳುವ ಹೊರೆ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. 0.3 ಇದ್ದದ್ದು 0.6 ಆದರೆ ಬಿಗುವು 8 ಪಟ್ಟು, ತಾಳಿಕೆ 4 ಪಟ್ಟು. ಹಾಗೆಂದು 0.6 ಸಾಕಾಗುವ ಕಡೆ 1.2 ಇಟ್ಟರೆ ಲಾಭವಿಲ್ಲ. ಪ್ರತಿ ಏಟಿಗೂ ತೋಳು ಹೆಚ್ಚು ದುಡಿಯಬೇಕು, ಸುಸ್ತಾದ ಕೈ ಏಟನ್ನು ಓರೆಯಾಗಿ ಹಾಕುತ್ತದೆ, ಓರೆ ಏಟು ಬಾಯಿಯನ್ನು ತಿರುಚಿ ಮುರಿಯುತ್ತದೆ. ಬಾಳಿಕೆ ಬರಲೆಂದು ದಪ್ಪ ಮಾಡಿದ ಕತ್ತಿಯೇ ಬೇಗ ಹಾಳಾಗುವುದು ಹೀಗೆ.

ದಪ್ಪದ ಜೊತೆಗೇ ಬರುವುದು ಕೋನ. ಒಂದು ಬದಿಗೆ ಎಷ್ಟು ಡಿಗ್ರಿ ಎಂದು ಹೇಳುವುದು ರೂಢಿ: 15 ಎಂದರೆ ಎರಡೂ ಬದಿ ಸೇರಿ 30. ತರಕಾರಿಗೆ 12ರಿಂದ 15, ಎಲ್ಲ ಕೆಲಸಕ್ಕೆ 18ರಿಂದ 22, ತೆಂಗು, ಒಣಗಟ್ಟಿಗೆ, ಮೂಳೆಗಳಿಗೆ 25ರಿಂದ 30. ಹರಿತ ಎಷ್ಟು ಕಾಲ ಉಳಿಯುತ್ತದೆ ಎಂದು ಪರೀಕ್ಷಿಸಲು ಐಎಸ್ಒ 8442-5 ಎಂಬ ವಿಧಾನವೊಂದಿದೆ. ಅದರಲ್ಲಿ ಯಂತ್ರವು ಮರಳಿನಂಶ ಬೆರೆಸಿದ ರಟ್ಟನ್ನು ಚಾಕುವಿನಿಂದ ಮತ್ತೆ ಮತ್ತೆ ಕುಯ್ಯುತ್ತದೆ. ಕೋನ ಇಳಿದಂತೆ ಒಂದೇ ಉಕ್ಕು ಹೆಚ್ಚು ರಟ್ಟು ಕುಯ್ಯುತ್ತದೆ. ಉಕ್ಕು ಬದಲಿಸಿ ಗಳಿಸುವುದನ್ನು ಎಷ್ಟೋ ಸಲ ಕೋನ ಬದಲಿಸಿಯೇ ಗಳಿಸಬಹುದು. ಆದರೆ ರಟ್ಟು ಕುಯ್ಯುವುದರಲ್ಲಿ ಏಟಿಲ್ಲ, ತಿರುಚಿಲ್ಲ. ಒರಟು ಕೆಲಸದ ಕತ್ತಿಗೆ ಆ ಅಂಕಿ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ.

ಇನ್ನು ಹದ. ಉಕ್ಕಿನ ಗಡಸನ್ನು ರಾಕ್‌ವೆಲ್ ಸಿ ಮಾನದಲ್ಲಿ ಅಳೆಯುತ್ತಾರೆ. ಜಪಾನಿ ಶೈಲಿಯ ತೆಳು ಚಾಕು 60ರ ಮೇಲೆ, ಸಾಮಾನ್ಯ ಸ್ಟೇನ್‌ಲೆಸ್ ಅಡುಗೆ ಚಾಕು 54ರಿಂದ 58, ಕೊಚ್ಚುವ ಕತ್ತಿಗಳು ಬಹುಮಟ್ಟಿಗೆ 50ರಿಂದ 56. ಗಡಸು ಹೆಚ್ಚಿದರೆ ಬಾಯಿ ಮಡಚುವುದಿಲ್ಲ, ಸವೆತ ನಿಧಾನ. ಆದರೆ ಏಟು ತಾಳುವ ಗುಣ ಕುಗ್ಗಿ, ಬಾಗಬೇಕಾದ ಕಡೆ ಸಿಡಿಯುತ್ತದೆ.

ಕುಲುಮೆಗಳಲ್ಲಿ ಮಚ್ಚಿಗೆ ಲಾರಿಯ ಸ್ಪ್ರಿಂಗ್ ಪ್ಲೇಟು ಬಳಸುವುದು ಸುಮ್ಮನೆ ಅಲ್ಲ. ಅದರಲ್ಲಿ ಇಂಗಾಲ ಶೇ. 0.5ರಿಂದ 0.6, ಜೊತೆಗೆ ಮ್ಯಾಂಗನೀಸು, ಸಿಲಿಕಾನ್ ಅಥವಾ ಕ್ರೋಮಿಯಂ. ಏಟು ತಾಳುವುದರಲ್ಲಿ ಇದನ್ನು ಮೀರಿಸುವ ಅಗ್ಗದ ಉಕ್ಕು ಸಿಗುವುದು ಕಷ್ಟ. ಗುಜರಿಯಿಂದ ತಂದ ಪ್ಲೇಟನ್ನು ಗ್ರೈಂಡರಿನಲ್ಲಿ ಕೊರೆದು, ಬಾಯಿ ತೆಗೆದು, ಹಿಡಿ ಹಾಕಿಬಿಟ್ಟರೆ ಮಾತ್ರ ಮೋಸ. ಲಾರಿಯಲ್ಲಿದ್ದಾಗ ಅದರ ಗಡಸು ಸುಮಾರು 42ರಿಂದ 48 ಅಷ್ಟೇ. ಸ್ಪ್ರಿಂಗಿಗೆ ಅದು ಸರಿ, ಬಾಯಿಗೆ ಮೆದು. ನಾಲ್ಕು ಕಾಯಿ ಕೊಚ್ಚುವಷ್ಟರಲ್ಲಿ ಬಾಯಿ ಒಂದು ಪಕ್ಕಕ್ಕೆ ಮಡಚಿಕೊಂಡಿರುತ್ತದೆ. ಇನ್ನೊಂದು ಅಪಾಯ ಹಳೆಯ ಪ್ಲೇಟಿನ ಒಳಬಿರುಕು. ಲಕ್ಷಾಂತರ ಸಲ ಕುಲುಕಿ ದಣಿದ ಉಕ್ಕಿನಲ್ಲಿ ಕಣ್ಣಿಗೆ ಕಾಣದ ಸೀಳುಗಳಿರುತ್ತವೆ. ನಡುವಿನ ತೂತಿನ ಸುತ್ತ ಇದು ಹೆಚ್ಚು. ಆ ಭಾಗವನ್ನು ಬಿಟ್ಟುಬಿಡಬೇಕು.

ಹದ ಹಾಕುವ ಕ್ರಮ ಹೀಗೆ. ಅಲಗನ್ನು 830ರಿಂದ 850 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಬೇಕು. ಅಯಸ್ಕಾಂತಕ್ಕೆ ಉಕ್ಕು ಅಂಟುವುದು ಸುಮಾರು 770ಕ್ಕೆ ನಿಂತುಹೋಗುತ್ತದೆ. ಅಲ್ಲಿಂದ ಇನ್ನೊಂದು ಛಾಯೆ ಕೆಂಪೇರಿದರೆ ಸಾಕು. ಆಗ ಬಿಸಿ ಎಣ್ಣೆಯಲ್ಲಿ, ಸುಮಾರು 50ರಿಂದ 60 ಡಿಗ್ರಿಯದರಲ್ಲಿ, ನೇರ ಕೆಳಕ್ಕೆ ಅದ್ದಬೇಕು. ತಣ್ಣೀರಿಗೆ ಅದ್ದಿದರೆ ಈ ಜಾತಿಯ ಉಕ್ಕು ಬಿರಿಯುವುದುಂಟು. ಅದ್ದಿ ತೆಗೆದ ಅಲಗಿನ ಗಡಸು 60 ದಾಟಿರುತ್ತದೆ, ಕೆಳಗೆ ಬಿದ್ದರೂ ಒಡೆಯಬಹುದು. ಕೈಗೆ ತಣ್ಣಗಾದ ಕೂಡಲೇ ಓವನ್ನಿನಲ್ಲಿ 200 ಡಿಗ್ರಿಗೆ ಎರಡು ಗಂಟೆ, ತಣಿಸಿ ಮತ್ತೆ ಎರಡು ಗಂಟೆ ಇಡಬೇಕು. ಆಗ ಗಡಸು 57ರ ಸುತ್ತ ನಿಲ್ಲುತ್ತದೆ, ಒಳಗಿನ ಬಿಗಿತ ಸಡಿಲುತ್ತದೆ. ಇನ್ನೂ ಮೆದು ಬೇಕೆಂದು 260ರಿಂದ 370ರ ನಡುವೆ ಕಾಯಿಸುವುದು ಜಾಣತನವಲ್ಲ. ಬಹಳಷ್ಟು ಸ್ಪ್ರಿಂಗ್ ಉಕ್ಕುಗಳು ಆ ವ್ಯಾಪ್ತಿಯಲ್ಲಿ ಗಡಸನ್ನೂ ಕಳೆದುಕೊಂಡು, ಏಟು ತಾಳುವ ಗುಣದಲ್ಲೂ ಕುಸಿಯುತ್ತವೆ; ಸಿಲಿಕಾನ್ ಹೆಚ್ಚಿರುವವುಗಳಲ್ಲಿ ಮಾತ್ರ ಈ ಕುಸಿತ ಇನ್ನಷ್ಟು ಮೇಲಿನ ಶಾಖಕ್ಕೆ ಸರಿಯುತ್ತದೆ.

ಅನುಭವಿ ಕಮ್ಮಾರರಲ್ಲಿ ಓವನ್ ಇಲ್ಲದೆ ಮಾಡುವ ದಾರಿಯೂ ಉಂಟು: ಬಾಯಿಯನ್ನಷ್ಟೇ ಅದ್ದಿ ಎತ್ತಿ, ಚಕ್ಕನೆ ಉಜ್ಜಿ ಬೆಳ್ಳಗೆ ಮಾಡಿ, ಬೆನ್ನಿನಲ್ಲಿ ಉಳಿದ ಶಾಖ ಕೆಳಗಿಳಿದು ಬರುವ ಬಣ್ಣ ನೋಡುವುದು. ಒಣಹುಲ್ಲಿನ ತಿಳಿ ಹಳದಿ 210-220 ಡಿಗ್ರಿ, ಕಂದು 250ರ ಹತ್ತಿರ, ನೇರಳೆ 275, ನೀಲಿ 300. ಹುಲ್ಲಿನ ಬಣ್ಣ ಬಾಯಿ ಮುಟ್ಟಿದೊಡನೆ ಪೂರ್ತಿ ತಣಿಸುತ್ತಾರೆ. ಬಾಯಿ ಗಡಸು, ಬೆನ್ನು ಮೆದು; ಒರಟು ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಜೋಡಣೆ ಇಲ್ಲ. ನನ್ನ ಆಕ್ಷೇಪ ಒಂದೇ, ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಈ ಬಣ್ಣಗಳು ಸರಿಯಾಗಿ ಕಾಣುವುದಿಲ್ಲ. ನೆರಳಲ್ಲಿ ಮಾಡಿಸಿ. ಒಂದಷ್ಟು ಅಲಗುಗಳಿದ್ದರೆ ಪೀಣ್ಯದ ಹೀಟ್ ಟ್ರೀಟ್‌ಮೆಂಟ್ ಘಟಕಕ್ಕೆ ಕೊಟ್ಟು, ಗಡಸಿನ ಅಂಕಿಯನ್ನು ಬರೆಸಿಕೊಳ್ಳುವುದು ಇನ್ನೂ ಮೇಲು.

ಅತಿಯಾಗಿ ಕಾಯಿಸುವುದೇ ಕುಲುಮೆಯ ದೊಡ್ಡ ತಪ್ಪು. ಉಕ್ಕು ಕಿತ್ತಳೆ-ಹಳದಿಗೆ ಹೋಗಿ ಅಲ್ಲೇ ನಿಂತರೆ ಅದರ ಒಳಗಿನ ಹರಳುಗಳು ಬೆಳೆದು ದಪ್ಪವಾಗುತ್ತವೆ. ಗಡಸಿನ ಅಂಕಿ ಸರಿಯೇ ಬರುತ್ತದೆ, ಕತ್ತಿ ಮಾತ್ರ ಸಿಡಿಯುತ್ತದೆ. ಮುರಿದ ಜಾಗ ಸಕ್ಕರೆಯಂತೆ ಮಿನುಗಿದರೆ ಇದೇ ಕಾರಣ. ಸರಿಯಾದ ಹದದ ಮುರುಕು ಬೂದು ಬಣ್ಣದ್ದು, ನುಣುಪು.

ಉಕ್ಕಿನ ಜಾತಿಗೆ ಹೆಚ್ಚು ಮಾತು ಬೇಡ. ಡಿ2ನಂಥ ಉಕ್ಕಿನಲ್ಲಿ ಇಂಗಾಲ ಶೇ. 1.5, ಕ್ರೋಮಿಯಂ ಶೇ. 12ರ ಸುತ್ತ. ಅವೆರಡೂ ಸೇರಿ ಆಗುವ ಕಾರ್ಬೈಡ್ ಹರಳುಗಳು ಸವೆತವನ್ನು ಚೆನ್ನಾಗಿ ತಡೆಯುತ್ತವೆ, ಜೊತೆಗೆ ಬಿರುಕು ಹುಟ್ಟುವ ಜಾಗವೂ ಅವೇ. ರಟ್ಟು, ಹಗ್ಗ ಕುಯ್ಯಲು ಸೊಗಸು, ಕೊಚ್ಚಲು ಬೇಡ. ನಮ್ಮ ನಾಡಿನ ಹಳೆಯ ಮೂಸೆ ಉಕ್ಕೂ ಇಂಗಾಲ ಹೆಚ್ಚಿದ ಜಾತಿಯದೇ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಅದನ್ನು ಮಾಡುವ ಬಗೆಯನ್ನು ಬರೆದಿಟ್ಟಿದ್ದಾನೆ: ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಒಂದೆರಡು ಹಸಿ ಎಲೆ. ಅದರ ಕೀರ್ತಿ ಜಗತ್ತಿಗೆಲ್ಲ ಹಬ್ಬಿತು. ಆದರೂ ತೆಂಗಿನಕಾಯಿ ಸುಲಿದು ಒಡೆಯುವ ಕೆಲಸಕ್ಕೆ ನನ್ನ ಮತ ಲಾರಿ ಪ್ಲೇಟಿಗೇ.

ಇಷ್ಟೆಲ್ಲ ಆದ ಮೇಲೆ ಕತ್ತಿ ಸರಿ ಇದೆಯೋ ಇಲ್ಲವೋ ಎಂದು ಹೇಳುವುದು ಅದರ ಬಾಯಿಯೇ. ಮೊಬೈಲಿನ ಟಾರ್ಚ್ ಹಚ್ಚಿ, ಬಾಯಿ ಮೇಲೆ ಮಾಡಿ ಹಿಡಿದು ನೋಡಿ. ಹರಿತದ ಗೆರೆ ಬೆಳಕು ಚೆಲ್ಲುವುದಿಲ್ಲ. ಉದ್ದಕ್ಕೂ ತೆಳು ಬಿಳಿ ಗೆರೆ ಕಂಡರೆ ಸಹಜ ಸವೆತ, ಮಸೆದರಾಯಿತು. ಉಗುರನ್ನು ಬೆನ್ನಿನಿಂದ ಬಾಯಿಯ ಕಡೆಗೆ ಹಗುರವಾಗಿ ಜಾರಿಸಿದಾಗ ಒಂದೇ ಬದಿಯಲ್ಲಿ ಕೊಕ್ಕೆಯಂತೆ ತಡೆದರೆ ಬಾಯಿ ಮಡಚಿದೆ: ಹದ ಮೆದು, ಇಲ್ಲವೇ ಕೋನ ಕಿರಿದು. ಚಕ್ಕೆ ಹಾರಿದ್ದರೆ ಗಡಸು ಹೆಚ್ಚು, ಕೋನ ಕಿರಿದು, ಅಥವಾ ಏಟು ಬಿದ್ದ ಜಾಗ ತಪ್ಪು. ಮೂರನೆಯದನ್ನು ಮೊದಲು ಅನುಮಾನಿಸಬೇಕು. ನಮ್ಮ ಅಡುಗೆಮನೆಗಳಲ್ಲಿ ಗ್ರಾನೈಟ್ ಕಟ್ಟೆಯ ಮೇಲೇ ಹೆಚ್ಚುವ ಅಭ್ಯಾಸ ಬಹಳ. ಗ್ರಾನೈಟಿನಲ್ಲಿರುವ ಸ್ಫಟಿಕ ಉಕ್ಕಿಗಿಂತ ಗಡಸು, ಅಲ್ಲಿ ಯಾವ ಬಾಯಿಯೂ ಉಳಿಯುವುದಿಲ್ಲ. ಮಟನ್ ಅಂಗಡಿಯವರು ಹುಣಸೆಮರದ ದಿಮ್ಮಿ ಇಟ್ಟುಕೊಳ್ಳುವುದು ಬಾಯಿಗೆ ಮೆತ್ತನೆಯ ನೆಲ ಸಿಗಲೆಂದು. ಅವರಲ್ಲಿ ಮೂಳೆಗೊಂದು ಭಾರದ ಕತ್ತಿ, ಕೊಬ್ಬು ಬಿಡಿಸಲು ಒಂದು ತೆಳು ಚಾಕು ಇರುತ್ತದೆ, ಒಂದರ ಕೆಲಸವನ್ನು ಇನ್ನೊಂದರಿಂದ ಮಾಡುವುದಿಲ್ಲ. ಒಂದೇ ಕತ್ತಿ ಇಟ್ಟುಕೊಳ್ಳಬೇಕಾದವರು ಹಿಡಿಯ ಕಡೆಯ ಅರ್ಧಕ್ಕೆ 26-28 ಡಿಗ್ರಿ, ಮುಂದಿನ ಅರ್ಧಕ್ಕೆ 20 ಡಿಗ್ರಿ ಕೊಟ್ಟರೆ ಕೊಚ್ಚುವುದಕ್ಕೂ ಹೆರೆಯುವುದಕ್ಕೂ ಆಗುತ್ತದೆ.

ಮಡಚಿದರೂ ಚಕ್ಕೆ ಎದ್ದರೂ ಕತ್ತಿಯನ್ನು ಬೈದು ಎಸೆಯುವ ಮುನ್ನ ಕೋನವನ್ನು 2-3 ಡಿಗ್ರಿ ಏರಿಸಿ ನೋಡಬೇಕು. ಇಡೀ ಬಾಯಿಯನ್ನು ದಪ್ಪ ಮಾಡಬೇಕಾಗಿಲ್ಲ. 18 ಡಿಗ್ರಿಯ ಇಳಿಜಾರನ್ನು ಹಾಗೇ ಬಿಟ್ಟು, ಕೊನೆಯ ಅರ್ಧ ಮಿಲಿಮೀಟರಿಗಿಂತ ಕಿರಿದಾದ ಪಟ್ಟಿಗೆ ಮಾತ್ರ 24 ಡಿಗ್ರಿ ಕೊಟ್ಟರೆ ಹಿಂದಿನ ಮೈ ತೆಳುವಾಗಿಯೇ ಉಳಿದು, ತುದಿಗೆ ಬಲ ಬರುತ್ತದೆ.

ಕೋನ ಹಿಡಿಯಲು ಕಣ್ಣಂದಾಜು ಬೇಡ. ಬಾಯಿಯಿಂದ ಬೆನ್ನಿಗೆ 50 ಮಿ.ಮೀ. ಅಗಲ, ಬೆನ್ನು 5 ಮಿ.ಮೀ. ದಪ್ಪ ಇರುವ ಅಲಗಾದರೆ, ಕಲ್ಲಿನಿಂದ ಬೆನ್ನನ್ನು ಸುಮಾರು 15 ಮಿ.ಮೀ. ಎತ್ತಿದಾಗ 20 ಡಿಗ್ರಿ, 19 ಮಿ.ಮೀ. ಎತ್ತಿದಾಗ 25. ಅಷ್ಟೆತ್ತರದ ಮರದ ತುಂಡೊಂದನ್ನು ಪಕ್ಕದಲ್ಲಿಟ್ಟು ಆಗಾಗ ತಾಳೆ ನೋಡಬಹುದು. ಇಳಿಜಾರಿಗೆ ಮಾರ್ಕರ್ ಬಳಿದು ಎರಡು ಸಲ ಉಜ್ಜಿದರೆ ಕಲ್ಲು ಎಲ್ಲಿ ಮುಟ್ಟುತ್ತಿದೆ ಎಂದೂ ಗೊತ್ತಾಗುತ್ತದೆ. ಚಕ್ಕೆ ತೆಗೆಯಲು 240-320 ಗ್ರಿಟ್‌ನ (ಅಂಕಿ ಹೆಚ್ಚಿದಷ್ಟೂ ಕಲ್ಲು ನುಣುಪು) ಒರಟು ಕಲ್ಲು, ಎದುರು ಬದಿಯಲ್ಲಿ ಉದ್ದಕ್ಕೂ ಮುಳ್ಳು, ಅಂದರೆ ಮಡಚಿದ ಉಕ್ಕಿನ ಸಣ್ಣ ಅಂಚು, ಏಳುವ ತನಕ. ಆಮೇಲೆ ಇನ್ನೊಂದು ಬದಿ. ಕೊನೆಗೆ 1000ದ ಕಲ್ಲಿನಲ್ಲಿ ಹಗುರ ಕೈಯಿಂದ. ಒರಟು ಗೀರುಗಳನ್ನು ಹಾಗೇ ಬಿಟ್ಟರೆ ಏಟು ಬಿದ್ದಾಗ ಬಿರುಕು ಅಲ್ಲಿಂದಲೇ ಶುರು, ಆದ್ದರಿಂದ ಕೊಚ್ಚುವ ಕತ್ತಿಗೂ ನುಣುಪು ಬೇಕು. ಇಳಿಜಾರು ಚಪ್ಪಟೆಯಾಗಿರದೆ ಹೊರಕ್ಕೆ ಉಬ್ಬಿದ ಬಾಯಿ ಬೇಕಿದ್ದರೆ ಹಳೇ ಹವಾಯಿ ಚಪ್ಪಲಿಯ ಅಟ್ಟೆಯ ಮೇಲೆ 400ರ ವಾಟರ್ ಪೇಪರ್ ಹಾಸಿ, ಬೆನ್ನಿನ ದಿಕ್ಕಿಗೆ ಮಾತ್ರ ಎಳೆಯಬೇಕು. ಮುಂದಕ್ಕೆ ತಳ್ಳಿದರೆ ಕಾಗದ ಸೀಳುತ್ತದೆ.

ಸಾಣೆ ಚಕ್ರಕ್ಕೆ ಕೊಡುವುದಾದರೆ ಪಕ್ಕದಲ್ಲೇ ನಿಂತು ನೋಡಿ. ಪ್ರತಿ ಎಳೆತಕ್ಕೂ ನೀರಿಗೆ ಅದ್ದಬೇಕು. ಬಾಯಲ್ಲಿ ನೀಲಿ ಕಲೆ ಎದ್ದಿತೆಂದರೆ ಅಲ್ಲಿ 300 ಡಿಗ್ರಿ ಮುಟ್ಟಿ ಹದ ಹೋಯಿತು. ಆ ಕಲೆಯನ್ನು ಉಜ್ಜಿ ಅಳಿಸಿದರೂ ಹದ ಮರಳದು, ಆ ಭಾಗ ಪೂರ್ತಿ ಸವೆಯುವವರೆಗೆ ಅಲ್ಲೇ ಮಡಚುತ್ತಿರುತ್ತದೆ.

ಹೊಸ ಕತ್ತಿಗೆ 25ರಿಂದ ಶುರು ಮಾಡಿ. ನಿತ್ಯ ಮಾಡುವ ಕೆಲಸವನ್ನೇ ಮಾಡಿ, ಬಾಯಿ ನೋಡಿ. ಏನೂ ಆಗಿರದಿದ್ದರೆ ಮುಂದಿನ ಮಸೆತದಲ್ಲಿ 2 ಡಿಗ್ರಿ ಇಳಿಸಿ, ಮತ್ತೆ ನೋಡಿ. ಮೊದಲ ಮಡಿಕೆಯೋ ಚಕ್ಕೆಯೋ ಕಂಡ ಕೋನಕ್ಕಿಂತ 2 ಡಿಗ್ರಿ ಮೇಲೆ ನಿಲ್ಲಿಸಿ, ಆ ಅಂಕಿಯನ್ನು ಹಿಡಿಯ ಮೇಲೆ ಬರೆದಿಡಿ. ಸಾಣೆಯವನಿಗೂ ತೋರಿಸಲು ಬರುತ್ತದೆ.